ದೊಡ್ಡ ಗೇಟು ಒಂದೇ, ಚಿಕ್ಕ ಬಾಗಿಲು ಹತ್ತಾರು

ಮೈಸೂರಿನಲ್ಲಿ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ದಾಟಿದರೆ ಸಾಕು, ಮನೆಯಲ್ಲಿ ಒಂದೇ ಮಾತು: "ಕಂಪ್ಯೂಟರ್ ಲೈನಿಗೆ ಹಾಕ್ಬಿಡಿ, ಆಮೇಲೆ ತಿರುಗಿ ನೋಡೋ ಹಾಗೇ ಇಲ್ಲ!" ಸಂತೆಪೇಟೆಯ ದಿನಸಿ ಅಂಗಡಿಯ ಗಲ್ಲಾ ಪಕ್ಕದಲ್ಲೂ ಇದೇ ಮಾತು. ನಂಜನಗೂಡು, ಟಿ. ನರಸೀಪುರದ ಕಡೆಯಿಂದ ಬೆಳಗ್ಗೆ ನಿಂತುಕೊಂಡೇ ಬರುವ ಬಸ್ಸಿನಲ್ಲೂ ಇದೇ ಮಾತು. ಸರಿ, ಆ ಲೈನಿಗೆ ಹಾಕುವುದು ಹೇಗೆ? ಎಷ್ಟು ವರ್ಷ? ಎಷ್ಟು ದುಡ್ಡು? ಹಾಗೆ ಕೇಳಿದರೆ ಮಾತ್ರ ಹತ್ತು ಜನ ಹತ್ತು ದಾರಿ ತೋರಿಸುತ್ತಾರೆ. ಅದರಲ್ಲಿ ಕೆಲವು ದಾರಿಯ ಕೊನೆಗೆ ಒಬ್ಬ ಏಜೆಂಟ್ ಕೂತಿರುತ್ತಾನೆ!

ಊರಿನ ಮಟ್ಟಿಗೆ ಕಂಪ್ಯೂಟರ್ ಕೆಲಸ ಅಂದರೆ ಹೆಬ್ಬಾಳದ ಇನ್ಫೋಸಿಸ್ ಗೇಟು. ಒಂದೇ ಸಲಕ್ಕೆ ಸಾವಿರಾರು ಹುಡುಗ ಹುಡುಗಿಯರಿಗೆ ತರಬೇತಿ ಕೊಡುವ ಜಾಗ ಅದು. ದೇಶದ ಮೂಲೆ ಮೂಲೆಯಿಂದ ಮಕ್ಕಳು ಪೆಟ್ಟಿಗೆ ಹಿಡಿದು ಬಂದು ಇಳಿಯುವುದನ್ನು ಇಲ್ಲಿನ ಆಟೋದವರು ವರ್ಷಗಟ್ಟಲೆ ನೋಡಿದ್ದಾರೆ. ಆ ಗೇಟಿನ ಒಳಗೆ ಕಾಲಿಟ್ಟರೆ ಗೆದ್ದ ಹಾಗೆ ಎಂಬುದು ಎಲ್ಲರ ನಂಬಿಕೆಯಾಗಿತ್ತು.

2025ರ ಫೆಬ್ರವರಿಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ತರಬೇತಿಯಲ್ಲಿದ್ದ 300ಕ್ಕೂ ಹೆಚ್ಚು ಹೊಸಬರನ್ನು ಹೊರಗೆ ಕಳುಹಿಸಲಾಯಿತು. ಮೂರು ಸಲ ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ, ಷರತ್ತು ಮೊದಲೇ ಕರಾರಿನಲ್ಲಿತ್ತು ಎಂದು ಕಂಪನಿ ಹೇಳಿತು. 2022ರಲ್ಲೇ ಆಯ್ಕೆಯಾಗಿ, ಎರಡು ವರ್ಷ ಕಾದು, 2024ರಲ್ಲಿ ಒಳಗೆ ಹೋದವರು ಅವರಲ್ಲಿದ್ದರು. ನೌಕರರ ಪರ ಸಂಘಟನೆಯೊಂದು ಕೇಂದ್ರದ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ರಾಜ್ಯದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಬಂದು ವಿಚಾರಿಸಿದರು.

ಯಾರದು ಸರಿ, ಯಾರದು ತಪ್ಪು ಎಂಬ ಪಂಚಾಯ್ತಿ ಇಲ್ಲಿ ಬೇಡ. ಊರಿನವರು ಕಲಿಯಬೇಕಾದ ಪಾಠ ಬೇರೆಯೇ ಇದೆ. ಗೇಟು ದಾಟಿದ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ಹಾಗೆಯೇ ಗೇಟು ದಾಟದ ಮಾತ್ರಕ್ಕೆ ಬದುಕೂ ಮುಳುಗುವುದಿಲ್ಲ. ಈ ನಾಡಿನಲ್ಲಿ ಕಂಪ್ಯೂಟರಿನಿಂದ ಅನ್ನ ಸಂಪಾದಿಸಿದ ಎಷ್ಟೋ ಜನ ದೊಡ್ಡ ಗೇಟಿನಿಂದ ಬಂದವರಲ್ಲ. ಎಲ್ಲೋ ಒಂದು ಕಡೆ ದುಡಿಯುತ್ತಾ, ಸಂಜೆ ಹೊತ್ತು ಓದುತ್ತಾ, ಪಕ್ಕದ ಬಾಗಿಲಿನಿಂದ ಒಳಗೆ ಬಂದವರು.

ಮೊಳೆಯಿಂದ ಮಾನಿಟರಿಗೆ

ಜಿಲ್ಲಾ ಕೇಂದ್ರಗಳಲ್ಲಿ ಕಂಪ್ಯೂಟರ್ ಮೊದಲು ಬಂದ ಜಾಗಗಳಲ್ಲಿ ಪ್ರಿಂಟಿಂಗ್ ಪ್ರೆಸ್ಸೂ ಒಂದು. ಮದುವೆ ಕಾಗದ, ಕರಪತ್ರ, ಅಂಗಡಿಯ ಬಿಲ್ ಬುಕ್ಕು, ಸಂಜೆ ಪೇಪರು, ಎಲ್ಲಕ್ಕೂ ಆಗ ಮೊಳೆ ಜೋಡಿಸಬೇಕಿತ್ತು. ಕಂಪೋಸಿಟರ್ ಅಂದರೆ ನಿಂತೇ ದುಡಿಯುವವನು. ಮುಂದೆ ನೂರಾರು ಖಾನೆಯ ಕೇಸು. ಅಕ್ಷರ ಒಂದು ಖಾನೆಯಲ್ಲಿ, ಅದರ ಒತ್ತು ಇನ್ನೊಂದು ಖಾನೆಯಲ್ಲಿ. ಕೈಯಲ್ಲಿ ಸ್ಟಿಕ್ಕು, ಆಮೇಲೆ ಗ್ಯಾಲಿ, ಆಮೇಲೆ ಪ್ರೂಫು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾದ ಅಕ್ಷರವನ್ನು ಸರಾಗವಾಗಿ ಓದುವ ವಿದ್ಯೆ ಅವರದು. ಬೆರಳಿಗೆಲ್ಲ ಸೀಸದ ಕಪ್ಪು.

1990ರ ದಶಕದಲ್ಲಿ ಆಫ್‌ಸೆಟ್ ಮುದ್ರಣವೂ ಡಿ.ಟಿ.ಪಿ.ಯೂ ಒಟ್ಟಿಗೆ ನುಗ್ಗಿದವು. ಟ್ರೆಡಲ್ ಮೆಷಿನ್ನುಗಳು ಗುಜರಿಗೆ ಹೋದವು. ಮೊಳೆ ತೂಕದ ಲೆಕ್ಕದಲ್ಲಿ ಮಾರಾಟವಾಯಿತು. ಮೊಳೆ ಜೋಡಿಸುತ್ತಿದ್ದವರ ಗತಿ? ಕೆಲವರು ಮನೆಗೆ ಹೋದರು, ಕೆಲವರು ಬೇರೆ ಕಸುಬು ಹಿಡಿದರು. ಇನ್ನು ಕೆಲವರು ಧೈರ್ಯ ಮಾಡಿ ಕೀಬೋರ್ಡಿನ ಮುಂದೆ ಕೂತರು. ಹಗಲು ಮೊಳೆ, ರಾತ್ರಿ ಪೇಜ್‌ಮೇಕರ್!

ಹಾಗೆ ಕೂತವರಿಗೆ ಒಂದು ಅನುಕೂಲ ಇತ್ತು. ಸಾಲು ಎಲ್ಲಿ ಮುರಿಯಬೇಕು, ಹೆಡ್ಡಿಂಗ್ ಎಷ್ಟು ದಪ್ಪ ಇರಬೇಕು, ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು, 'ಳ' ಎಲ್ಲಿ 'ಲ' ಎಲ್ಲಿ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರು ತಿಂಗಳ ಕೋರ್ಸು ಮುಗಿಸಿ ಬಂದವನಿಗೆ ಮೌಸು ಹಿಡಿಯಲು ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. ಇವರಿಗೆ ಕೆಲಸ ಬರುತ್ತಿತ್ತು, ಮೌಸು ಕಲಿಯಬೇಕಿತ್ತು. ಎರಡರಲ್ಲಿ ಯಾವುದು ಬೇಗ ಕಲಿಯುವಂಥದ್ದು ಅಂತ ಪ್ರೆಸ್ಸಿನ ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು.

ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳ ಕಥೆಯೂ ಇದೇ. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ಸರ್ಕಾರಿ ಕಚೇರಿಗೆ ಕಾಯುತ್ತಿದ್ದ ಹುಡುಗಿಯರು, ಕಚೇರಿಗೆ ಕಂಪ್ಯೂಟರ್ ಬಂದಾಗ ಮೊದಲ ಆಪರೇಟರುಗಳಾದರು. ಬೆರಳು ಪಳಗಿತ್ತು, ಯಂತ್ರ ಬದಲಾಯಿತು, ಅಷ್ಟೇ.

ಕೀಲಿಮಣೆ ಕೊಟ್ಟವರು

ಇವತ್ತು ಕನ್ನಡದ ಡಿ.ಟಿ.ಪಿ. ಅಂಗಡಿಗಳಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಟೈಪು ಮಾಡುವವರು ಬಳಸುವ ಕೀಲಿಮಣೆಯ ಹಿಂದೆ ಒಬ್ಬ ಕನ್ನಡಿಗರಿದ್ದಾರೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, 1940ರಲ್ಲಿ ಹುಟ್ಟಿದ ಕೆ.ಪಿ. ರಾವ್. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಅಂತ ಒಂದು ವಿಷಯವೇ ಇಲ್ಲದಿದ್ದ ಕಾಲದವರು ಅವರು. ಮುಂಬೈನಲ್ಲಿ ಕೆಲಸ ಮಾಡಿದರು, ಅಚ್ಚಿನ ಯಂತ್ರಗಳಿಗೆ ಹೆಸರಾದ ಮಾನೋಟೈಪ್ ಕಂಪನಿಯಲ್ಲಿ ದುಡಿದರು. ಲಿಪಿ, ಅಚ್ಚು, ಅಕ್ಷರ ಇವೇ ಅವರ ಪಾಠಶಾಲೆ.

ಟೈಪ್‌ರೈಟರಿನ ಕಾಲದಲ್ಲಿ ಕನ್ನಡದ ಅಕ್ಷರ, ಗುಣಿತ, ಒತ್ತುಗಳನ್ನು ಕೀಲಿಗಳಿಗೆ ಹಂಚುವುದೇ ದೊಡ್ಡ ತಲೆನೋವಾಗಿತ್ತು. ರಾವ್ ಅವರು ಬರೆಯುವ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಇಂಗ್ಲಿಷಿನ 26 ಕೀಲಿಯಲ್ಲೇ ಇಡೀ ಕನ್ನಡ ಕೂತಿತು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಕೀಲಿ. ಅಕ್ಕ ಅಂತ ಬರೆಯಲು ಒಂದು ಕ, ಒಂದು ಎಫ್, ಇನ್ನೊಂದು ಕ. ಒಂದು ವಾರ ಕೂತರೆ ಯಾರಿಗಾದರೂ ಬರುತ್ತದೆ.

ಈ ವಿನ್ಯಾಸವನ್ನು ಅವರು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಎಲ್ಲರಿಗೂ ಬಿಟ್ಟುಕೊಟ್ಟರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂದ 'ಸೇಡಿಯಾಪು' ತಂತ್ರಾಂಶವನ್ನೂ ಹಾಗೆಯೇ ಹಂಚಿದರು. ಮುಂದೆ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಇದೇ ತಳಹದಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸುವವರ ಬೆರಳ ಕೆಳಗೆ ಇರುವುದೂ ಇದೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡ ಇಳಿಯಿತು. ಊರೂರಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟು ಬದುಕಿದವರು ಎಷ್ಟೋ ಜನ. ಅವರೆಲ್ಲರ ಕಸುಬಿಗೆ ಅಡಿಗಲ್ಲು ಹಾಕಿದ್ದು ಅಚ್ಚಿನ ಮನೆಯಲ್ಲಿ ದುಡಿದು ಕಲಿತವರ ವಿದ್ಯೆ.

ಮದ್ದೂರಿನ ಪಹಣಿ

ಮೈಸೂರು, ಬೆಂಗಳೂರು ಬಸ್ಸು ಹತ್ತಿದವರಿಗೆ ಮದ್ದೂರು ಅಂದರೆ ವಡೆ ನೆನಪಿಗೆ ಬರುತ್ತದೆ. ಕಂಪ್ಯೂಟರಿನ ಚರಿತ್ರೆಯಲ್ಲೂ ಮದ್ದೂರಿಗೆ ಒಂದು ಜಾಗ ಇದೆ. ಪಹಣಿಯನ್ನು ಕಂಪ್ಯೂಟರಿನಲ್ಲಿ ಕೊಡುವ 'ಭೂಮಿ' ಯೋಜನೆಯ ಪ್ರಯೋಗ ಮೊದಲು ನಡೆದದ್ದು ಆ ತಾಲ್ಲೂಕಿನಲ್ಲಿ.

ಅದಕ್ಕೆ ಮುಂಚೆ ರೈತನ ಪಾಡು ಹೇಳತೀರದು. ರಾಜ್ಯದ ಸುಮಾರು 67 ಲಕ್ಷ ಜಮೀನುದಾರರ 2 ಕೋಟಿಯಷ್ಟು ಪಹಣಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಸಾಲಕ್ಕೆ ಅರ್ಜಿ ಹಾಕಬೇಕು ಅಂದರೆ ಪಹಣಿ ಬೇಕು. ಪಹಣಿ ಬೇಕು ಅಂದರೆ ಲೆಕ್ಕಿಗರನ್ನು ಹುಡುಕಬೇಕು. ಅವರು ಸಿಕ್ಕರೆ ಕೈಬಿಸಿ ಮಾಡಬೇಕು. 2000ದ ನಂತರದ ಎರಡು ವರ್ಷದಲ್ಲಿ ಆ ದಾಖಲೆಗಳೆಲ್ಲ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬಂತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ಯಂತ್ರದೊಳಗೇ ಬರೆದರು. ಯಾರು ತಿದ್ದಿದರು ಎಂಬುದು ತಪ್ಪಿಹೋಗದಂತೆ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು ಎಂದು ಮಾಡಿದರು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಇದನ್ನು ಮುಂದೆ ನಿಂತು ನಡೆಸಿದರು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಎನ್.ಐ.ಸಿ.

ಇಲ್ಲಿ ಗಮನಿಸಬೇಕಾದ್ದು ಕಿಟಕಿಯ ಹಿಂದೆ ಕೂತವರನ್ನು. ಆ ಕಂಪ್ಯೂಟರ್ ನಡೆಸಲು ಇಲಾಖೆ ಹೊರಗಿನಿಂದ ಎಂಜಿನಿಯರುಗಳನ್ನು ತರಲಿಲ್ಲ. ಓದಿದ, ಚುರುಕಾದ ಗ್ರಾಮ ಲೆಕ್ಕಿಗರನ್ನೇ ಆರಿಸಿ ತರಬೇತಿ ಕೊಟ್ಟು ಕೂರಿಸಿತು. ಖರಾಬು ಅಂದರೇನು, ಪೋಡಿ ಅಂದರೇನು, ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರು ಹೇಗೆ ಸೇರಿಕೊಂಡಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದಾಖಲೆ ಏರಿಸುವ ಕೆಲಸಕ್ಕೆ ಡಾಟಾ ಎಂಟ್ರಿ ಏಜೆನ್ಸಿಗಳು ಬಂದವು. ಪಿ.ಯು.ಸಿ., ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವರಿಗೆ ಅದೊಂದು ದುಡಿಮೆಯಾಯಿತು. ಮುಂದೆ ನಾಡಕಚೇರಿ ಬಂತು, 2022ರಲ್ಲಿ ಹಳ್ಳಿಗಳಿಗೆ 'ಗ್ರಾಮ ಒನ್' ಬಂತು. ಅಲ್ಲೆಲ್ಲ ಕೂತವರು ಹೆಚ್ಚಾಗಿ ಅದೇ ಸುತ್ತಮುತ್ತಲಿನ ಹುಡುಗ ಹುಡುಗಿಯರು.

ಡಾಟಾ ಎಂಟ್ರಿಯಲ್ಲೇ ನಿಂತವರು ನಿಂತಲ್ಲೇ ನಿಂತರು, ಅದು ನಿಜ. ಮುಂದಕ್ಕೆ ಓದಿದವರಿಗೆ ಮಾತ್ರ ಆ ಕುರ್ಚಿ ಮೆಟ್ಟಿಲಾಯಿತು.

ಅಂಗಡಿ ಲೆಕ್ಕದಿಂದ ಎದ್ದ ಸಾಫ್ಟ್‌ವೇರ್

ವ್ಯಾಪಾರಸ್ಥರು ಕೇಳಲೇಬೇಕಾದ ಕಥೆ ಒಂದಿದೆ. ದೇವರಾಜ ಮಾರುಕಟ್ಟೆಯಿಂದ ಅಶೋಕ ರಸ್ತೆಯವರೆಗೆ ಎಷ್ಟೋ ಅಂಗಡಿಗಳ ಲೆಕ್ಕ ಇವತ್ತು ಕೂತಿರುವುದು 'ಟ್ಯಾಲಿ'ಯಲ್ಲಿ. ಅದು ಹುಟ್ಟಿದ್ದು ಅಮೆರಿಕದಲ್ಲಲ್ಲ, ಬೆಂಗಳೂರಿನಲ್ಲಿ. ಅದೂ ಒಬ್ಬ ತಂದೆಯ ಗೋಳಿನಿಂದ!

ಶ್ಯಾಮ್ ಸುಂದರ್ ಗೋಯೆಂಕಾ ಎಂಬುವರು ಬಟ್ಟೆ ಗಿರಣಿ ಮತ್ತು ಕಾರ್ಖಾನೆಗಳಿಗೆ ಕಚ್ಚಾ ಮಾಲು, ಯಂತ್ರದ ಬಿಡಿಭಾಗ ಸರಬರಾಜು ಮಾಡುತ್ತಿದ್ದ ವ್ಯಾಪಾರಿ. ತಮ್ಮ ವ್ಯವಹಾರದ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಹುಡುಕಿದರು, ಸಿಗಲಿಲ್ಲ. ಗಣಿತ ಓದಿದ ಮಗ ಭರತ್ ಗೋಯೆಂಕಾ ಅವರಿಗೆ, ನೀನೇ ಒಂದು ಬರೆದುಕೊಡು ಅಂದರು. ಮಗ ಬರೆದರು. 1986ರಲ್ಲಿ ಅದೇ ಕಂಪನಿಯಾಯಿತು, ಮುಂದೆ ಟ್ಯಾಲಿ ಎಂದು ದೇಶಕ್ಕೆಲ್ಲ ಹರಡಿತು. 2020ರಲ್ಲಿ ಮಗನಿಗೆ ಪದ್ಮಶ್ರೀ ಬಂತು.

ತಂದೆಯ ಖಾತೆ ಪುಸ್ತಕವೇ ಆ ಹುಡುಗನಿಗೆ ಪಠ್ಯಪುಸ್ತಕವಾಯಿತು. ಜಮೆ, ಖರ್ಚು, ಬಾಕಿ, ಉದ್ರಿ ಎಂದರೇನು ಎಂದು ತಿಳಿಯದವನು ಅದನ್ನು ಬರೆಯಲು ಸಾಧ್ಯವಿರಲಿಲ್ಲ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಏನಾಯಿತು ಎಂದು ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಬಿಲ್ಲು ಕಂಪ್ಯೂಟರಿನಲ್ಲಿ, ರಿಟರ್ನು ಕಂಪ್ಯೂಟರಿನಲ್ಲಿ. ಟ್ಯಾಲಿ ಬಲ್ಲ ಬಿ.ಕಾಂ. ಹುಡುಗರಿಗೆ ಎಲ್ಲಿಲ್ಲದ ಬೇಡಿಕೆ. ಇವರಲ್ಲಿ ಯಾರೂ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆಡಿಟರ ಹತ್ತಿರ ಒಂದೆರಡು ವರ್ಷ ಫೈಲು ಹೊತ್ತವರು.

ಎನ್.ಐ.ಇ. ಹುಡುಗನ ಲೆಕ್ಕಾಚಾರ

ಇನ್ನು ಆ ದೊಡ್ಡ ಗೇಟಿನ ವಿಷಯ. ಅದನ್ನು ಕಟ್ಟಿದ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿ ಯಾವ ಬಾಗಿಲಿನಿಂದ ಬಂದರು? 1946ರಲ್ಲಿ ಶಿಡ್ಲಘಟ್ಟದಲ್ಲಿ ಹುಟ್ಟಿದ ಮೇಷ್ಟ್ರ ಮಗ. ಐ.ಐ.ಟಿ. ಪ್ರವೇಶ ಪರೀಕ್ಷೆ ಪಾಸಾಗಿದ್ದರೂ ಕಳುಹಿಸಲು ಮನೆಯಲ್ಲಿ ಅನುಕೂಲ ಇರಲಿಲ್ಲ. ಮೈಸೂರಿನ ಎನ್.ಐ.ಇ.ಯಲ್ಲೇ ಓದಿ 1967ರಲ್ಲಿ ಎಲೆಕ್ಟ್ರಿಕಲ್ ಬಿ.ಇ. ಮುಗಿಸಿದರು. ಆಮೇಲೆ ಕಾನ್ಪುರದ ಐ.ಐ.ಟಿ.ಯಲ್ಲಿ ಎಂ.ಟೆಕ್., 1969ರಲ್ಲಿ. ಅಂದರೆ ಅವರ ಕಾಲದ ದೊಡ್ಡ ಗೇಟು ಅವರಿಗೂ ಮೊದಲ ಸಲ ತೆರೆಯಲಿಲ್ಲ!

ಓದು ಮುಗಿದ ಮೇಲೆ ಹೆಚ್ಚು ಸಂಬಳದ ಕೆಲಸಗಳು ಸಿಗುವಂತಿದ್ದರೂ ಅವರು ಆರಿಸಿಕೊಂಡದ್ದು ಅಹಮದಾಬಾದಿನ ಐ.ಐ.ಎಂ.ನ ಕಂಪ್ಯೂಟರ್ ಕೇಂದ್ರವನ್ನು. ಸಂಬಳ ಕಡಿಮೆ, ಕಲಿಯಲು ಹೆಚ್ಚು ಎಂಬುದು ಅವರೇ ಹಲವು ಸಲ ಹೇಳಿಕೊಂಡಿರುವ ಕಾರಣ. ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ಆಗ ದೇಶಕ್ಕೇ ಹೊಸದು, ಅದು ಅಲ್ಲಿತ್ತು. 1981ರಲ್ಲಿ ಇನ್ಫೋಸಿಸ್ ಶುರುವಾಗುವ ಹೊತ್ತಿಗೆ ಅವರ ಬೆನ್ನ ಹಿಂದೆ ಹತ್ತಕ್ಕೂ ಹೆಚ್ಚು ವರ್ಷದ ದುಡಿಮೆ ಇತ್ತು.

ಕಾನ್ಪುರದ ಐ.ಐ.ಟಿ.ಗೆ 1963ರಲ್ಲೇ ಐ.ಬಿ.ಎಂ. 1620 ಎಂಬ ಕಂಪ್ಯೂಟರ್ ಬಂದಿತ್ತು. ಅಲ್ಲಿ ಪಾಠ ಹೇಳಿದ ಪ್ರೊ. ವಿ. ರಾಜಾರಾಮನ್ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಂಜಿನಿಯರುಗಳೊಬ್ಬರಿಂದಲೇ ಈ ಕೆಲಸ ಪೂರೈಸುವುದಿಲ್ಲ, ಬೇರೆ ಪದವಿ ಓದಿದವರನ್ನೂ ತಯಾರು ಮಾಡಬೇಕು ಎಂಬ ವಿಚಾರದಿಂದ 1980ರ ದಶಕದಲ್ಲಿ ಎಂ.ಸಿ.ಎ. ಎಂಬ ಕೋರ್ಸು ಹುಟ್ಟಿತು. ಅದರ ಹಿಂದೆ ಇದ್ದದ್ದು ಇವರ ಮುಂದಾಳತ್ವದ ಸಮಿತಿ. ಬಿ.ಎಸ್ಸಿ., ಬಿ.ಕಾಂ. ಓದಿದ ಮಕ್ಕಳು ಆ ಬಾಗಿಲಿನಿಂದ ಸಾಫ್ಟ್‌ವೇರ್ ಕಂಪನಿಗಳಿಗೆ ನುಗ್ಗಿದರು.

ದಾರಿಗಳು ಯಾವುವು?

ಹಾಗಾದರೆ ಇವತ್ತು ಕಡಿಮೆ ದುಡ್ಡಿನಲ್ಲಿ, ದುಡಿಯುತ್ತಲೇ ಹೋಗಬಹುದಾದ ಬಾಗಿಲುಗಳು ಯಾವುವು? ಒಂದೊಂದಾಗಿ ನೋಡೋಣ.

ಎಸ್.ಎಸ್.ಎಲ್.ಸಿ. ಆದವರಿಗೆ ಐ.ಟಿ.ಐ.ಗಳಲ್ಲಿ 'ಕೋಪಾ' ಎಂಬ ಟ್ರೇಡು ಇದೆ. ಕಂಪ್ಯೂಟರ್ ಆಪರೇಟರ್ ಕಂ ಪ್ರೋಗ್ರಾಮಿಂಗ್ ಸಹಾಯಕ ಎಂದು ಅರ್ಥ. ಒಂದೇ ವರ್ಷ. ಸರ್ಕಾರಿ ಐ.ಟಿ.ಐ.ಯಲ್ಲಿ ಸೀಟು ಸಿಕ್ಕರೆ ಖರ್ಚು ಅಂಥಾದ್ದೇನೂ ಇಲ್ಲ. ಕೊನೆಗೆ ಸಿಗುವುದು ರಾಷ್ಟ್ರಮಟ್ಟದ ಮಾನ್ಯತೆಯ ಪ್ರಮಾಣಪತ್ರ.

ಮೂರು ವರ್ಷ ಓದುವ ಶಕ್ತಿ ಇದ್ದರೆ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ. ಇದು ಮುಚ್ಚಿದ ದಾರಿಯಲ್ಲ. ಡಿಪ್ಲೊಮಾ ಮುಗಿಸಿ ಡಿ.ಸಿ.ಇ.ಟಿ. ಬರೆದರೆ ಬಿ.ಇ.ಯ ಎರಡನೇ ವರ್ಷಕ್ಕೆ ನೇರ ಪ್ರವೇಶ. ನಡುವೆ ಒಂದೆರಡು ವರ್ಷ ದುಡಿದು ಆಮೇಲೆ ಹೋಗುವವರೂ ಇದ್ದಾರೆ.

ಅಪ್ರೆಂಟಿಸ್ ಮರೆಯಬಾರದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಐ.ಟಿ.ಐ., ಡಿಪ್ಲೊಮಾ, ಪದವಿ ಮುಗಿಸಿದವರನ್ನು ಸಂಸ್ಥೆಗಳು ತರಬೇತಿಗೆ ತೆಗೆದುಕೊಂಡು ಸ್ಟೈಪೆಂಡ್ ಕೊಡಬೇಕು. ಇಲ್ಲಿ ದುಡ್ಡು ಕೊಡುವವರು ಅವರು, ನೀವಲ್ಲ. ಈ ಮಾತು ನೆನಪಿರಲಿ.

ಪಿ.ಯು.ಸಿ. ಆದ ಮೇಲೆ ಬಿ.ಸಿ.ಎ. ಇದೆ. ಅದರ ಮೇಲೆ ಎಂ.ಸಿ.ಎ.; ಮೊದಲು ಮೂರು ವರ್ಷ ಇದ್ದದ್ದು 2020ರಿಂದ ಈಚೆಗೆ ಎರಡು ವರ್ಷಕ್ಕೆ ಇಳಿದಿದೆ. ಹಗಲು ಅಂಗಡಿ ನೋಡಿಕೊಳ್ಳಲೇಬೇಕಾದ ಮಕ್ಕಳಿಗೆ ಮೈಸೂರಿನಲ್ಲೇ 1996ರಲ್ಲಿ ಶುರುವಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ಕೆಲವು ವರ್ಷ ಮಾನ್ಯತೆ ತಪ್ಪಿ ವಿದ್ಯಾರ್ಥಿಗಳು ಪರದಾಡಿ, 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆದ್ದರಿಂದ ಯಾವುದೇ ದೂರಶಿಕ್ಷಣದ ಕೋರ್ಸಿಗೆ ಸೇರುವ ಮುನ್ನ ಆ ಕೋರ್ಸಿಗೆ, ಆ ವರ್ಷಕ್ಕೆ ಯು.ಜಿ.ಸಿ. ಒಪ್ಪಿಗೆ ಇದೆಯೇ ಎಂದು ನೋಡಲೇಬೇಕು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಬಾಗಿಲು ಒಂದಿದೆ. ಹಿಂದೆ 'ಡೋಯಕ್' ಎನ್ನುತ್ತಿದ್ದ, ಈಗ 'ನೈಲಿಟ್' ಎನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ 'ಒ' ಲೆವೆಲ್ ಪರೀಕ್ಷೆ. ಯಾವ ಇನ್‌ಸ್ಟಿಟ್ಯೂಟಿಗೂ ಸೇರದೆ, ಮನೆಯಲ್ಲೇ ಓದಿಕೊಂಡು ನೇರವಾಗಿ ಪರೀಕ್ಷೆ ಕಟ್ಟಬಹುದು. ಅದರ ಮೇಲೆ 'ಎ', 'ಬಿ' ಎಂದು ಮೆಟ್ಟಿಲುಗಳಿವೆ.

ಮದ್ರಾಸ್ ಐ.ಐ.ಟಿ. 2020ರಲ್ಲಿ ಡಾಟಾ ಸೈನ್ಸ್ ಪದವಿಯೊಂದನ್ನು ಮನೆಯಿಂದಲೇ ಓದುವಂತೆ ತೆರೆಯಿತು. ಜೆ.ಇ.ಇ. ಬರೆಯಬೇಕಿಲ್ಲ. ಅವರೇ ಕೆಲವು ವಾರ ಪಾಠ ಹೇಳಿ ಅರ್ಹತಾ ಪರೀಕ್ಷೆ ಇಡುತ್ತಾರೆ. ಪಾಸಾದವರು ಒಳಗೆ. ಬಡ ಮನೆಯ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಉಂಟು. ನಡುವೆ ನಿಲ್ಲಿಸಿದರೂ ಅಲ್ಲಿಯವರೆಗಿನ ಓದಿಗೆ ಸರ್ಟಿಫಿಕೇಟೋ ಡಿಪ್ಲೊಮಾವೋ ಸಿಗುತ್ತದೆ. ಪಾಠ ಮಾತ್ರ ಸಾಕು ಎನ್ನುವವರಿಗೆ ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಇದೆ. ನೋಡಲು ಒಂದು ಪೈಸೆಯೂ ಬೇಡ.

ಕೆಲಸ ಕೊಟ್ಟು ಓದಿಸುವ ಕಂಪನಿಗಳೂ ಇವೆ. ಬಿ.ಸಿ.ಎ., ಬಿ.ಎಸ್ಸಿ. ಮಕ್ಕಳನ್ನು ತೆಗೆದುಕೊಂಡು, ಕೆಲಸದ ಜೊತೆಯಲ್ಲೇ ಎಂ.ಟೆಕ್. ಓದಿಸುವ ವ್ಯವಸ್ಥೆಯನ್ನು ವಿಪ್ರೋ ಬಹಳ ವರ್ಷದಿಂದ ನಡೆಸಿಕೊಂಡು ಬಂದಿದೆ. ಪಕ್ಕದ ತಮಿಳುನಾಡಿನಲ್ಲಿ ಜೋಹೋ ಕಂಪನಿ 12ನೇ ತರಗತಿ ಮತ್ತು ಡಿಪ್ಲೊಮಾ ಮಕ್ಕಳಿಗೆ ಶುಲ್ಕ ಇಲ್ಲದೆ, ಕೈಗೆ ಸ್ಟೈಪೆಂಡ್ ಕೊಟ್ಟು ಕಲಿಸುವ ಶಾಲೆ ನಡೆಸುತ್ತಿದೆ. ಇಂಥ ಕಡೆ ಇಷ್ಟು ವರ್ಷ ಬಿಟ್ಟು ಹೋಗಬಾರದು ಎಂಬ ಕರಾರು ಇರಬಹುದು. ಓದಿ ನೋಡಿ ಸಹಿ ಹಾಕಬೇಕು, ಅಷ್ಟೆ.

ಟೋಪಿ ಹಾಕುವವರು

ಇಷ್ಟೆಲ್ಲ ಬಾಗಿಲಿದ್ದರೂ ಜನ ಹೋಗಿ ಬೀಳುವುದು ಬಣ್ಣದ ಬೋರ್ಡಿನವರ ಹತ್ತಿರ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಎಂಬ ಮಾತು ಕೇಳಿದೊಡನೆ ಅಪ್ಪ ಚೀಟಿ ಎತ್ತುತ್ತಾನೆ, ಅಮ್ಮ ಬಳೆ ಬಿಚ್ಚುತ್ತಾಳೆ. ಕೆಲವು ಕಡೆ ಕಂತು ಕಂತಾಗಿ ಕಟ್ಟಿ ಎಂದು ಹೇಳಿ ಸಹಿ ಹಾಕಿಸಿಕೊಳ್ಳುವ ಕಾಗದ ಕಂತಿನದ್ದಲ್ಲ, ಫೈನಾನ್ಸ್ ಕಂಪನಿಯ ಸಾಲದ್ದು! ಹುಡುಗ ಮಧ್ಯದಲ್ಲಿ ಬಿಟ್ಟರೂ ಸಾಲ ಬಿಡುವುದಿಲ್ಲ.

ಇನ್ನೊಂದು ಜಾತಿಯವರು 'ಬ್ಯಾಕ್‌ಡೋರ್' ದಲ್ಲಾಳಿಗಳು. ದುಡ್ಡು ಕೊಟ್ಟರೆ ದೊಡ್ಡ ಕಂಪನಿಗೆ ಹಿಂಬಾಗಿಲಿನಿಂದ ಸೇರಿಸುತ್ತೇವೆ ಅನ್ನುತ್ತಾರೆ. ಇನ್ಫೋಸಿಸ್, ಟಿ.ಸಿ.ಎಸ್.ನಂಥ ಕಂಪನಿಗಳು ಕೆಲಸ ಕೊಡಲು ತಾವು ಯಾರಿಂದಲೂ ದುಡ್ಡು ಪಡೆಯುವುದಿಲ್ಲ ಎಂದು ತಾವೇ ಸಾರಿ ಹೇಳಿವೆ. ಮೂರನೇ ಜಾತಿಯವರು ಮಾಡದ ಕೆಲಸಕ್ಕೆ ಎರಡು ಮೂರು ವರ್ಷದ 'ಎಕ್ಸ್‌ಪೀರಿಯನ್ಸ್' ಸರ್ಟಿಫಿಕೇಟು ಬರೆದುಕೊಡುವವರು. ಕಂಪನಿಗಳು ಹಳೆಯ ಕೆಲಸದ ಬಗ್ಗೆ ತನಿಖೆ ಮಾಡುತ್ತವೆ. ಸಿಕ್ಕಿಬಿದ್ದ ದಿನ ಕೆಲಸವೂ ಹೋಗುತ್ತದೆ, ಹೆಸರೂ ಕೆಡುತ್ತದೆ. ದಲ್ಲಾಳಿ ಮಾತ್ರ ಬೋರ್ಡು ಬದಲಾಯಿಸಿ ಪಕ್ಕದ ಬೀದಿಯಲ್ಲಿ ಕೂತಿರುತ್ತಾನೆ.

ಸೇರುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಸರ್ಟಿಫಿಕೇಟು ಕೊಡುವವರು ಯಾರು, ನೀವೋ ಸರ್ಕಾರ ಒಪ್ಪಿದ ಸಂಸ್ಥೆಯೋ? ಕಟ್ಟಿದ ದುಡ್ಡಿಗೆ ರಸೀದಿ ಉಂಟೋ? ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು, ಬರೆದು ಕೊಡುತ್ತೀರೋ? ಮಾರ್ಕ್ಸ್ ಕಾರ್ಡಿನ ಅಸಲು ಯಾಕೆ ಬೇಕು? ಅಸಲು ಪ್ರಮಾಣಪತ್ರಗಳನ್ನು ನೋಡಿ ವಾಪಸು ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯು.ಜಿ.ಸಿ. 2018ರಲ್ಲೇ ಕಾಲೇಜುಗಳಿಗೆ ಆದೇಶ ಮಾಡಿದೆ. ಕಾಲೇಜಿಗೇ ಇಲ್ಲದ ಹಕ್ಕು ಬೀದಿಯ ಇನ್‌ಸ್ಟಿಟ್ಯೂಟಿಗೆ ಎಲ್ಲಿಂದ ಬಂತು?

ದುಡಿಮೆ ಜೊತೆಗಿರಲಿ

ಈಗ ಹೊಸ ಭಯ ಒಂದು ಶುರುವಾಗಿದೆ. ಕೃತಕ ಬುದ್ಧಿಮತ್ತೆ ಬಂದು ಟೈಪು ಮಾಡುವುದನ್ನೂ, ಲೆಕ್ಕ ಏರಿಸುವುದನ್ನೂ, ಸಣ್ಣಪುಟ್ಟ ಪ್ರೋಗ್ರಾಮನ್ನೂ ತಾನೇ ಮಾಡುತ್ತಿದೆ. ಬರೀ ಬೆರಳಿನ ಕೆಲಸ ನಂಬಿದವರಿಗೆ ಕಷ್ಟಕಾಲ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಮೊಳೆ ಹೋದಾಗ ಆದದ್ದೇ ಮತ್ತೊಮ್ಮೆ ಆಗುತ್ತಿದೆ. ಆವತ್ತು ಉಳಿದವರು ಯಾರು? ಅಕ್ಷರ ಬಲ್ಲವರು, ಪಹಣಿ ಬಲ್ಲವರು, ಖಾತೆ ಪುಸ್ತಕ ಬಲ್ಲವರು. ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಹೇಳಬಲ್ಲವನಿಗೆ ಕೆಲಸ ಇದ್ದೇ ಇರುತ್ತದೆ. ಅದನ್ನು ಹೇಳಲು ಕಂಪ್ಯೂಟರಿನ ಜೊತೆಗೆ ಇನ್ನೊಂದು ಕೆಲಸದ ಒಳಗುಟ್ಟು ಗೊತ್ತಿರಬೇಕು.

ಆದ್ದರಿಂದ ಮಗ ಕಂಪ್ಯೂಟರ್ ಓದುತ್ತಾನೆ ಎಂದು ಅಂಗಡಿಯ ಕಡೆ ಬರದಂತೆ ಮಾಡಬೇಡಿ. ಆರು ತಿಂಗಳು ಅಂಗಡಿಯ ಸ್ಟಾಕು, ಉದ್ರಿ, ಜಿ.ಎಸ್.ಟಿ. ಎಲ್ಲ ಅವನೇ ನೋಡಲಿ. ಮಗಳಿಗೆ ಆಸಕ್ತಿ ಇದ್ದರೆ ಅವಳಿಗೂ ಅದೇ ಪರೀಕ್ಷೆ ಇಡಿ. ಸಹಕಾರ ಸಂಘ, ಹಾಲಿನ ಡೇರಿ, ನರ್ಸಿಂಗ್ ಹೋಂ, ಆಡಿಟರ ಕಚೇರಿ, ಎಲ್ಲಾದರೂ ಸರಿ, ಒಂದು ಜಾಗದಲ್ಲಿ ಕೂತು ಅಲ್ಲಿನ ತೊಡಕು ಏನು ಎಂದು ತಿಳಿಯಲಿ. ಸಂಜೆ ಎರಡು ಗಂಟೆ ಓದಲಿ. ಒಂದು ವರ್ಷದ ನಂತರವೂ ಆಸೆ ಉಳಿದಿದ್ದರೆ ಆಗ ದೊಡ್ಡ ಕೋರ್ಸಿನ ಮಾತು ತೆಗೆಯಿರಿ. ಆಸೆ ಹಾರಿಹೋಗಿದ್ದರೆ ಲಕ್ಷಗಟ್ಟಲೆ ಉಳಿಯಿತು ಎಂದು ತಿಳಿಯಿರಿ.

ಐ.ಟಿ.ಐ., ಪಾಲಿಟೆಕ್ನಿಕ್ಕುಗಳ ಪ್ರವೇಶದ ಪ್ರಕಟಣೆ ಎಸ್.ಎಸ್.ಎಲ್.ಸಿ. ಫಲಿತಾಂಶದ ಬೆನ್ನಿಗೇ ಬರುತ್ತದೆ, ಬೇಗ ಮುಗಿದೂ ಹೋಗುತ್ತದೆ. ಏಜೆಂಟರ ಬೋರ್ಡು ಮಾತ್ರ ವರ್ಷವಿಡೀ ನೇತಾಡುತ್ತಿರುತ್ತದೆ. ಮೊದಲು ಸರ್ಕಾರಿ ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ಕಿನ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಬಸ್ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ.